ಬೇಡ ಅಂದವರಲ್ಲಿ ನಾನೂ ಒಬ್ಬಳು

ಕಳೆದ ಸಲದ ಅಂಕಣ ಓದಿ ದಾವಣಗೆರೆಯ ಓದುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. "ನಿಮ್ಮ ಇಂಗ್ಲೆಂಡಿನಲ್ಲಿ ಜನ ಯುದ್ಧ ಬೇಡ ಅಂತ ಬೀದಿಗಿಳಿಯೋದನ್ನ ಟೀವಿಯಲ್ಲಿ ನೋಡ್ತಿರ್ತೀವಿ. ಸರ್ಕಾರ ಯಾವತ್ತಾದ್ರೂ ಅವರ ಮಾತು ಕೇಳಿದ್ದುಂಟಾ ಮೇಡಂ?"

ಉಂಟು. ನನಗೆ ಗೊತ್ತಿರುವ ಹಾಗೆ ಒಂದು ಸಲ ಕೇಳಿದೆ. ಆ ಸಲ ಬೇಡ ಅಂದವರಲ್ಲಿ ನಾನೂ ಒಬ್ಬಳು. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತೆ, ಬೇಸರ ಮಾಡಿಕೊಳ್ಳಬೇಡಿ.

2013ರ ಆಗಸ್ಟ್. ನಾವು ಕವೆಂಟ್ರಿಗೆ ಬಂದು ನಾಲ್ಕು ವರ್ಷವಾಗಿತ್ತು. ಸಿರಿಯಾದಲ್ಲಿ ಅಂತರ್ಯುದ್ಧ ಶುರುವಾಗಿ ಎರಡೂವರೆ ವರ್ಷ. ಆಗಸ್ಟ್ 21ರಂದು ಡಮಾಸ್ಕಸ್ ಪಕ್ಕದ ಘೌಟಾದಲ್ಲಿ ವಿಷಾನಿಲಕ್ಕೆ ನೂರಾರು ಜನ ಸತ್ತರು. ಬಿಳಿ ಬಟ್ಟೆ ಸುತ್ತಿ ಸಾಲಾಗಿ ಮಲಗಿಸಿದ ಮಕ್ಕಳನ್ನು ಟೀವಿಯಲ್ಲಿ ನೋಡಿ ಆವತ್ತು ರಾತ್ರಿ ಗಂಟಲಲ್ಲಿ ತುತ್ತು ಇಳಿಯಲಿಲ್ಲ. ಪ್ರಧಾನಿ ಡೇವಿಡ್ ಕ್ಯಾಮರೂನ್ ಬೇಸಿಗೆ ರಜೆಯಲ್ಲಿದ್ದ ಪಾರ್ಲಿಮೆಂಟನ್ನು ವಾಪಸ್ ಕರೆಸಿದರು. ಅಮೆರಿಕದ ಜೊತೆ ಸೇರಿ ಅಸಾದ್ ಸೇನೆಯ ಮೇಲೆ ದಾಳಿ ಮಾಡಬೇಕು ಅನ್ನೋದು ಅವರ ಇರಾದೆ.

ಊರಲ್ಲಿ ಎಲ್ಲಿ ಹೋದರೂ ಒಂದೇ ಮಾತು: ಇನ್ನೊಂದು ಇರಾಕ್ ಬೇಡ. 2003ರ ಫೆಬ್ರವರಿ 15ರಂದು ಲಂಡನ್ನಿನಲ್ಲಿ ನಡೆದ ಮೆರವಣಿಗೆಯ ಬಗ್ಗೆ ಇಲ್ಲಿಯವರು ಈಗಲೂ ಹೇಳ್ತಾರೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಅಂತ ಕೆಲವರು, ಪೊಲೀಸರ ಲೆಕ್ಕ ಅದಕ್ಕಿಂತ ಕಮ್ಮಿ. ಎಷ್ಟಾದರೇನು, ಟೋನಿ ಬ್ಲೇರ್ ಕೇಳಲಿಲ್ಲ. ಮಾರ್ಚ್ 18ರಂದು 412 ಓಟು ಪರ, 149 ವಿರುದ್ಧ. ಎರಡೇ ದಿನಕ್ಕೆ ಯುದ್ಧ. ಯಾವ ಭಯಂಕರ ಅಸ್ತ್ರಗಳಿವೆ ಅಂತ ಹೋದರೋ ಅವು ಸಿಗಲೇ ಇಲ್ಲ. ಬ್ರಿಟನ್ನಿನ 179 ಜನ ಸೈನಿಕರು ಸತ್ತರು. ಇರಾಕಿನವರು ಎಷ್ಟು ಸತ್ತರು ಅನ್ನೋದಕ್ಕೆ ಇವತ್ತಿಗೂ ಒಬ್ಬೊಬ್ಬರದು ಒಂದೊಂದು ಲೆಕ್ಕ. 2011ರಲ್ಲಿ ಲಿಬಿಯಾದ ಅಂತರ್ಯುದ್ಧಕ್ಕೂ ವಿಮಾನ ಕಳಿಸಿದ್ದರು. ಆಗ ಪಾರ್ಲಿಮೆಂಟಿನಲ್ಲಿ ವಿರುದ್ಧ ಬಿದ್ದಿದ್ದು 13 ಓಟು ಮಾತ್ರ. ಗಡಾಫಿ ಹೋದ, ದೇಶ ಹರಿದು ಚೂರಾಯಿತು.

ನಮ್ಮ ಪಕ್ಕದ ಮನೆಯಲ್ಲಿ ಆಗ ಎಂಬತ್ತರ ಅಜ್ಜಿಯೊಬ್ಬರು ಇದ್ದರು. (ಇಲ್ಲಿ ಅಜ್ಜಿ ಅನ್ನೋ ಹಾಗಿಲ್ಲ, ಹೆಸರು ಹಿಡಿದೇ ಕರೀಬೇಕು. ನನಗೆ ನಾಲಿಗೆ ಹೊರಳದೆ ಬರೀ 'ಹಲೋ'ದಲ್ಲೇ ಕಾಲ ಹಾಕಿದೆ.) ಕವೆಂಟ್ರಿಯ ಮೇಲೆ ಜರ್ಮನಿಯವರು 1940ರ ನವೆಂಬರ್ 14ರ ರಾತ್ರಿಯಿಡೀ ಬಾಂಬು ಹಾಕಿದಾಗ ಅವರಿಗೆ ಏಳು ವರ್ಷವಂತೆ. ಮೆಟ್ಟಿಲ ಕೆಳಗೆ ಅಮ್ಮನ ಜೊತೆ ಅವಿತು ಕೂತಿದ್ದರಂತೆ. ಆ ರಾತ್ರಿ 500ಕ್ಕೂ ಹೆಚ್ಚು ಜನ ಸತ್ತರು. ಸುಟ್ಟ ಕ್ಯಾಥೆಡ್ರಲ್ಲಿನ ಚಾವಣಿಯಿಲ್ಲದ ಗೋಡೆಗಳನ್ನು ಹಾಗೇ ಉಳಿಸಿಕೊಂಡಿದ್ದಾರೆ. ಊರಿಂದ ಯಾರೇ ಬರಲಿ, ನಾನು ಮೊದಲು ಕರೆದೊಯ್ಯೋದು ಅಲ್ಲಿಗೇ.

ಅಜ್ಜಿ ಬೇಲಿಯಾಚೆಯಿಂದ ಕೇಳಿದರು, "ನಿನ್ನ ಎಂಪಿಗೆ ಬರೆದ್ಯಾ?"

"ನಾನಿನ್ನೂ ಭಾರತದ ಪಾಸ್‌ಪೋರ್ಟಿನವಳು," ಅಂದೆ.

"ಓಟು ಇದೆ ತಾನೇ? ಇಂಥಾ ಕಡೆ ಮಾತ್ರ ಬೀಳುತ್ತೆ ಅಂತ ಟೀವಿಯಲ್ಲಿ ಹೇಳ್ತಿದ್ದಾರೆ. ಆವತ್ತು ನಮ್ಮೂರಿಗೂ ಫ್ಯಾಕ್ಟರಿಗಳ ಮೇಲೆ ಹಾಕೋಕೇ ಬಂದಿದ್ದು."

ಓಟು ಇತ್ತು. ಕಾಮನ್‌ವೆಲ್ತ್ ದೇಶದಿಂದ ಬಂದು ಕಾನೂನುಬದ್ಧವಾಗಿ ನೆಲೆಸಿದವರಿಗೆ ಇಲ್ಲಿ ಓಟಿನ ಹಕ್ಕಿದೆ. ಎಂಪಿಗಳು ಊರಲ್ಲಿ ಜನರನ್ನು ಭೇಟಿಯಾಗೋದಕ್ಕೆ 'ಸರ್ಜರಿ' ಅಂತಾರೆ. ಮೊದಲ ವರ್ಷ ಯಾರೋ ಎಂಪಿ ಸರ್ಜರಿಗೆ ಹೋಗಿ ಬಂದೆ ಅಂದಾಗ, ಪಾಪ ಯಾವ ಆಪರೇಷನ್ನೋ ಅಂತ ಮರುಗಿದ್ದೆ!

ನಮ್ಮವರು "ನಮಗ್ಯಾಕೆ ಇವರ ಊರಿನ ಉಸಾಬರಿ" ಅಂದರು. ಆದರೂ ಕೂತು ಹನ್ನೆರಡು ಸಾಲು ಬರೆದೆ. ಸತ್ತ ಮಕ್ಕಳಿಗಾಗಿ ಇನ್ನಷ್ಟು ಮಕ್ಕಳು ಸಾಯೋದು ಬೇಡ, ದಯವಿಟ್ಟು ವಿರುದ್ಧ ಓಟು ಹಾಕಿ ಅಂತ. ನನ್ನಂಥವರು ಆ ವಾರ ದೇಶದ ತುಂಬಾ ಬರೆದಿದ್ದರು.

ಆಗಸ್ಟ್ 29ರ ಗುರುವಾರ ರಾತ್ರಿ ಹತ್ತು ದಾಟಿದ ಮೇಲೆ ಫಲಿತಾಂಶ ಬಂತು. ಪರ 272, ವಿರುದ್ಧ 285. ದಾಳಿಗೆ ಮೊದಲು ಇನ್ನೊಂದು ಸಲ ಪಾರ್ಲಿಮೆಂಟಿನಲ್ಲಿ ಓಟು ಆಗಬೇಕು ಅಂತ ನಿರ್ಣಯದಲ್ಲೇ ಇತ್ತು. ಅಷ್ಟು ಮೆತ್ತಗೆ ಮಾಡಿದರೂ ಸೋತಿತು. ಆಡಳಿತ ಪಕ್ಷದ 30 ಜನರೇ ತಿರುಗಿಬಿದ್ದಿದ್ದರು. ಕ್ಯಾಮರೂನ್ ಎದ್ದು ನಿಂತು, ಜನರಿಗೆ ಇದು ಬೇಡವೆಂದು ನನಗೆ ಅರ್ಥವಾಗಿದೆ, ಅದರಂತೆ ನಡೆಯುತ್ತೇನೆ ಅಂದರು. ಎರಡು ದಿನಕ್ಕೆ ಒಬಾಮಾ ಕೂಡ ತಮ್ಮ ಕಾಂಗ್ರೆಸ್ಸನ್ನು ಕೇಳುತ್ತೇನೆ ಅಂದರು. ಅಲ್ಲಿಯೂ ಬೇಡ ಬೇಡ ಅಂತ ಫೋನುಗಳ ಸುರಿಮಳೆ. ಅಷ್ಟರಲ್ಲಿ ರಷ್ಯಾ ಜೊತೆ ಒಪ್ಪಂದವಾಗಿ, ಸಿರಿಯಾ ತನ್ನ ರಾಸಾಯನಿಕ ಅಸ್ತ್ರ ಒಪ್ಪಿಸುತ್ತೇನೆ ಅಂತು.

ಆವತ್ತು ಚೆನ್ನಾಗಿ ನಿದ್ದೆ ಮಾಡಿದೆ. ಎಂಪಿಯಿಂದ ಬಂದ ಉತ್ತರವನ್ನು ಡ್ರಾಯರಿನಲ್ಲಿ ಜೋಪಾನ ಮಾಡಿದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಮೇಲಾಮೇಲೆ ಸಿರಿಯಾ ಸುದ್ದಿ ಬಂದರೆ ಚಾನೆಲ್ ಬದಲಿಸ್ತಿದ್ದೆ. ನಿಜ ಹೇಳ್ತಿದ್ದೀನಿ.

ಸಿರಿಯಾದ ನಿರಾಶ್ರಿತರನ್ನು ಮೊದಮೊದಲು ಕರೆಸಿಕೊಂಡ ಊರುಗಳಲ್ಲಿ ಕವೆಂಟ್ರಿಯೂ ಒಂದು. ಚರ್ಚಿನ ಹಾಲಿನಲ್ಲಿ ಅವರಿಗೆ ಇಂಗ್ಲಿಷ್ ಮಾತು ಕಲಿಸಲು ವಾರಕ್ಕೊಮ್ಮೆ ಹೋಗ್ತಿದ್ದೆ. ಹೋಮ್ಸ್ ಊರಿನ ಒಬ್ಬಳು ಹೆಣ್ಣುಮಗಳು, ನನ್ನದೇ ವಯಸ್ಸು, ಒಂದು ದಿನ ಮನೆಗೆ ಕರೆದಳು. ಏಲಕ್ಕಿ ಹಾಕಿದ ಕಾಫಿ ಕೊಟ್ಟಳು. ಹಾಸನದ ಫಿಲ್ಟರ್ ಕಾಫಿ ನಾಲಿಗೆಗೆ ಮೊದಲ ಗುಟುಕು ಪಾಯಸದ ಹಾಗಿತ್ತು. ಮಾತಿಗೆ ಮಾತು ಬಂದು, ದೊಡ್ಡಸ್ತಿಕೆಗೇ ಅಂತಿಟ್ಟುಕೊಳ್ಳಿ, ನಿಮ್ಮ ದೇಶದ ಮೇಲೆ ಬಾಂಬು ಬೇಡ ಅಂತ ನಾನೂ ಬರೆದಿದ್ದೆ ಅಂದುಬಿಟ್ಟೆ.

ಅವಳ ಗಂಡ ತಲೆಯೆತ್ತಿ ನೋಡಿದರು. ತುಂಡು ತುಂಡು ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: "ಬಾಂಬು ಬೇಡ ಅಂದ್ರಿ. ಬಾಂಬು ಆಗಲೇ ಬೀಳ್ತಿತ್ತು. ನೀವು ನಿಲ್ಸಿದ್ದು ನಿಮ್ಮ ಬಾಂಬು. ಅವನದ್ದನ್ನಲ್ಲ."

ಅವಳು ಒಪ್ಪಲಿಲ್ಲ. ಆ ಆಗಸ್ಟಿನಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ನೆಲಮಾಳಿಗೆಯಲ್ಲಿದ್ದಳಂತೆ. ಅಮೆರಿಕದವರು ಹಾಕ್ತಾರಂತೆ ಅಂತ ಸುದ್ದಿ ಬಂದಾಗ ಗಂಡ ಕುಣಿದಾಡಿದರಂತೆ, ಇವಳು ಇನ್ನೊಂದು ದಿಕ್ಕಿನಿಂದಲೂ ಬರುತ್ತಲ್ಲಪ್ಪಾ ಅಂತ ಅತ್ತಳಂತೆ. ಬರಲ್ಲ ಅಂತಾದಾಗ ಗಂಡ ಅತ್ತರು. ಒಂದೇ ಮನೆ, ಒಂದೇ ಮಾಳಿಗೆ.

ಆಮೇಲೆ ಅವಳು ಸುಮ್ಮನೆ ಕೇಳಿದಳು, "ಅದಾದ ಮೇಲೆ ಮತ್ತೆ ಬರೆದ್ರಾ?"

"ಏನಂತ?"

"ಏನಾದ್ರೂ. ಊರಿಗೆ ಊಟ ಬಿಡ್ರೋ ಅಂತ. ನಮ್ಮನ್ನ ಇಲ್ಲಿಗೆ ಕರೆಸಿಕೊಳ್ಳಿ ಅಂತ."

ಬರೆದಿರಲಿಲ್ಲ. ಹೋಮ್ಸಿನ ಹಳೇ ಪೇಟೆಗೆ ಸೇನೆ ಮುತ್ತಿಗೆ ಹಾಕಿ, ಜನ ಹಸಿದು, 2014ರ ಮೇವರೆಗೂ ಹಾಗೇ ಇತ್ತು ಅಂತ ನನಗೆ ಗೊತ್ತಾಗಿದ್ದೇ ಅವಳಿಂದ.

ಇವತ್ತು ಮತ್ತೆ 2013ಕ್ಕೆ ಹೋದರೆ? ನಾನು ಅದೇ ಹನ್ನೆರಡು ಸಾಲು ಬರೀತೀನಿ ಅನಿಸುತ್ತೆ. ಲಿಬಿಯಾ ಕಣ್ಣೆದುರಿಗಿತ್ತು. ಆದರೆ ನಿದ್ದೆ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ. ಒಪ್ಪಿಸಿದೆ ಅಂದ ವಿಷ 2017ರಲ್ಲಿ ಖಾನ್ ಶೇಖೂನ್ ಅನ್ನೋ ಊರಿನ ಮೇಲೆ ಮತ್ತೆ ಬಿತ್ತು. 2018ರ ಏಪ್ರಿಲ್‌ನಲ್ಲಿ ಬ್ರಿಟನ್ ಕಡೆಗೂ ಸಿರಿಯಾ ಸೇನೆಯ ಮೇಲೆ ದಾಳಿ ಮಾಡಿದಾಗ ಪಾರ್ಲಿಮೆಂಟನ್ನು ಮೊದಲೇ ಕೇಳಲೇ ಇಲ್ಲ. ಪತ್ರ ಬರೆಯಲು ಪುರಸೊತ್ತೇ ಕೊಡಲಿಲ್ಲ.

2024ರ ಡಿಸೆಂಬರ್ 8, ಭಾನುವಾರ, ಅಸಾದ್ ಓಡಿಹೋದ ಸುದ್ದಿ ಬಂತು. ನಿಪ್ಪಟ್ಟು ಕಟ್ಟಿಕೊಂಡು ಅವರ ಮನೆಗೆ ಹೋದೆ. ಟೀವಿ ಜೋರಾಗಿತ್ತು, ಮನೆ ತುಂಬಾ ಜನ. ಅವಳ ಗಂಡ ನನ್ನ ಕಡೆ ತಿರುಗಿ ಬೆರಳು ಮಡಿಸಿ ಎಣಿಸಿದರು, 2013ರಿಂದ ಹನ್ನೊಂದು. "ಆವತ್ತು ಹಾಕಿದ್ದಿದ್ರೆ..." ಅಂತ ಶುರುಮಾಡಿದರು. ಅವಳು ಅರಬ್ಬಿಯಲ್ಲಿ ಏನೋ ಅಂದಳು. ಅವರು ನಕ್ಕು ಸುಮ್ಮನಾಗಿ ನಿಪ್ಪಟ್ಟಿಗೆ ಕೈ ಹಾಕಿದರು. ಏನಂದೆ ಅಂತ ನಾನು ಕೇಳಲಿಲ್ಲ.