ಬಣ್ಣ ಬಳಿದ ಗೋಡೆ

ಹಳೆಯ ಮನೆಯೊಂದರ ಕ್ರಯದ ಮಾತು ಮುಗಿದು ಮುಂಗಡವೂ ಸಂದಿರುತ್ತದೆ. ನೋಂದಣಿಗೆ ಮುನ್ನ ಕೊಳ್ಳುವವನು ಕರೆತಂದ ಎಂಜಿನಿಯರ್, ತಾರಸಿ ಸೋರುವುದನ್ನೂ ಹೊಸ ಬಣ್ಣದಡಿ ಗೋಡೆ ತೇವ ಹಿಡಿದಿರುವುದನ್ನೂ ತೋರಿಸುತ್ತಾನೆ. ಬೆಲೆಯ ಮಾತು ಮತ್ತೆ ಮೊದಲಾಗುತ್ತದೆ. ಹಳೆಯ ಮನೆಯೆಂದ ಮೇಲೆ ಇಷ್ಟೂ ಇರದೆ ಎಂದು ಮಾರುವವನು ವಾದಿಸುತ್ತಾನೆ. ದುರಸ್ತಿಗೆ ಎರಡು ಲಕ್ಷ ಸಾಕೆಂದು ತಿಳಿದಿದ್ದೂ ಕೊಳ್ಳುವವನು ಐದು ಲಕ್ಷದ ಲೆಕ್ಕ ಒಡ್ಡುತ್ತಾನೆ. ಇದೆಲ್ಲ ಬರಿಯ ವ್ಯವಹಾರ, ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಎನ್ನುವುದು ಲೋಕರೂಢಿ.

ಜೈನಾಚಾರ್ಯರು ಹಾಗೆ ಬೇರ್ಪಡಿಸಲಿಲ್ಲ. ಗೃಹಸ್ಥನ ಅಣುವ್ರತಗಳಿಗೆ ತಗಲಬಹುದಾದ ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಒಂದೊಂದಾಗಿ ಹೆಸರಿಸುತ್ತದೆ. ಅಚೌರ್ಯವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಕೃತಕ ಚಿನ್ನವೇ ಮೊದಲಾದವನ್ನು ಅಸಲಿಯೆಂದು ನಂಬಿಸುವ ವಂಚನೆ. ತೇವದ ಗೋಡೆಗೆ ಬಣ್ಣ ಬಳಿದು ಗಟ್ಟಿ ಗೋಡೆಯಾಗಿ ತೋರಿಸುವುದು ಇದರಿಂದ ಬಹುದೂರವಿಲ್ಲ. ಇದನ್ನು ಶಾಸ್ತ್ರಕಾರರು ಸುಳ್ಳಿನ ಸಾಲಿನಲ್ಲಿಡದೆ ಕಳವಿನ ಸಾಲಿನಲ್ಲಿಟ್ಟಿರುವುದು ಗಮನಾರ್ಹ. ಮಾರುವವನು ಬಾಯಿ ಬಿಟ್ಟು ಒಂದು ಸುಳ್ಳನ್ನೂ ಆಡಿರಬೇಕಿಲ್ಲ. ಗೋಡೆಗೆ ಇಲ್ಲದ ಗಟ್ಟಿತನಕ್ಕೆ ಬೆಲೆ ಪಡೆದರೆ ಸಾಕು.

ಕೊಳ್ಳುವವನು ಎರಡನ್ನು ಐದಾಗಿಸುವುದಂತೂ ನೇರ ಅಸತ್ಯ. ಅದಕ್ಕೆ ಗ್ರಂಥ ತಿರುವಿಹಾಕಬೇಕಾಗಿಲ್ಲ. ಸೂಕ್ಷ್ಮವಾದುದು ಬೇರೊಂದು ಸಂದರ್ಭ. ಮಾರುವವಳು ಒಂಟಿ ವೃದ್ಧೆಯೆಂದುಕೊಳ್ಳೋಣ. ಗೋಡೆಯ ಬಿರುಕು ಕಂಡು ಪಾಯವೇ ಕುಸಿದಿರಬಹುದೆಂದು ಬೆದರಿ, ಆಕೆ ತಾನಾಗಿಯೇ ಬೆಲೆ ಇಳಿಸುತ್ತಾಳೆ. ಅದು ಗಾರೆಯ ಮೇಲಿನ ಬಿರುಕಷ್ಟೇ ಎಂದು ಎಂಜಿನಿಯರ್ ಹೇಳಿದ್ದನ್ನು ಕೊಳ್ಳುವವನು ಬಲ್ಲ. ಬಲ್ಲವನು ಆಗಲಿ ಎಂದು ತಲೆಯಾಡಿಸುತ್ತಾನೆ. ಪೇಟೆ ಇದನ್ನು ಜಾಣತನವೆನ್ನುತ್ತದೆ. ಸತ್ಯವ್ರತದ ಅತಿಚಾರಗಳಲ್ಲಿ ಇದಕ್ಕೆ ತೀರ ಹತ್ತಿರದ ನ್ಯಾಸಾಪಹಾರ ಎಂಬುದುಂಟು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಂತೆ, ಜೋಪಾನಕ್ಕೆಂದು ಧನವಿರಿಸಿದವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ಹಾಗೆಯೇ ಸರಿಯೆಂದು ಒಪ್ಪಿಬಿಡುವುದೇ ಆ ದೋಷ. ಅವನು ಏನನ್ನೂ ಕಸಿಯಲಿಲ್ಲ. ಇನ್ನೊಬ್ಬನ ಮರೆವಿಗೆ ಹೂಂಗುಟ್ಟಿದ, ಅಷ್ಟೆ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವೂ ಮಾರುವವನ ಮೌನವನ್ನು ಪೂರ್ತಿ ಒಪ್ಪುವುದಿಲ್ಲ. ತನಗೆ ತಿಳಿದಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಅವನು ತಿಳಿಸಬೇಕು. ಕಾಣುವಂಥ ದೋಷದ ಹೊಣೆ ಕೊಳ್ಳುವವನ ಕಣ್ಣಿನದು. ಕಾನೂನಿಗೆ ಇಂಥದೊಂದು ಗೆರೆ ಬೇಕು. ಆದರೆ ಎದುರಿನವನ ಕಣ್ಣು ತಪ್ಪಿದ್ದನ್ನೇ ತನ್ನ ಗಳಿಕೆಯೆಂದು ಬಗೆಯುವ ಶ್ರಾವಕನಿಗೆ ಆ ಗೆರೆ ಆಸರೆಯಾಗದು.

ಚೌಕಾಸಿ ಪಾಪವೆಂದು ಇದರ ಅರ್ಥವಲ್ಲ. ಎಂಜಿನಿಯರನ ವರದಿಯನ್ನು ಇಬ್ಬರ ಮುಂದೆಯೂ ಇರಿಸಿ, ಮೇಸ್ತ್ರಿಯಿಂದ ಖರ್ಚಿನ ಅಂದಾಜು ಪಡೆದು, ಅಷ್ಟನ್ನು ಬೆಲೆಯಲ್ಲಿ ಕಳೆಯಬಹುದು. ಇಲ್ಲವೇ ನೋಂದಣಿಗೆ ಮುನ್ನ ಮಾರುವವನೇ ದುರಸ್ತಿ ಮಾಡಿಸಿಕೊಡಬಹುದು. ಎರಡೂ ಒಗ್ಗದಿದ್ದರೆ ಮುಂಗಡ ಹಿಂದಿರುಗಿಸಿ ಬೇರೆಯಾಗಬಹುದು. ಆಗಲೂ ಮಾರುವವನ ಕೈಯಲ್ಲಿ ಆ ವರದಿಯ ಪ್ರತಿಯೊಂದು ಉಳಿದಿರುತ್ತದೆ. ಮುಂದಿನ ಗಿರಾಕಿ ಬಾಗಿಲಿಗೆ ಬಂದಾಗ ಅದು ಮೇಜಿನ ಮೇಲಿರುವುದೋ, ಬೀರುವಿನೊಳಗಿರುವುದೋ?