ಚಿಕ್ಕ ಕಿಂಡಿಯ ಚೇಷ್ಟೆ

ಕುಂತೂರಿನಲ್ಲಿ ನಮ್ಮಕ್ಕನ ಕಬ್ಬಿನ ಗದ್ದೆಯಂಚಿಗೆ, ಹಳೇ ಬಾವಿಯತ್ತ ಬಾಗಿದ ಈಚಲು ಮರವೊಂದಿತ್ತು. ಗರಿಗಳ ತುದಿಯಲ್ಲಿ ಗೀಜಗನ ಖಾಲಿ ಗೂಡುಗಳು ತೂಗುತ್ತಿದ್ದವು. ಬಾವಿ ಮುಚ್ಚಿ ಮರ ಕಡಿಯುತ್ತಾರೆಂದು ತಿಳಿದು ನಾನೂ ಅಕ್ಕನ ಮಗಳೂ ಕ್ಯಾಮೆರಾ ಹಿಡಿದು ಹೋದೆವು.

ಮೊದಲ ಫೋಟೋ ಅವಳದು, ಎಫ್/8ರಲ್ಲಿ. ಆಮೇಲೆ ನಾನು, ಹತ್ತಿರದ ಗೂಡೂ ದೂರದ ಬಿಳಿಗಿರಿರಂಗನ ಬೆಟ್ಟವೂ ಒಟ್ಟಿಗೇ ಸ್ಪಷ್ಟವಾಗಲಿ ಎಂದು ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/22ಕ್ಕೆ ಕಿರಿದು ಮಾಡಿದೆ. ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಟ್ರೈಪಾಡ್ ಇತ್ತು, ಗಾಳಿ ಇರಲಿಲ್ಲ. ಇಪ್ಪತ್ತು ಫೋಟೋ ತೆಗೆದೆ.

ಸಂಜೆ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು. “ಮಾವ, ನಿನ್ ಫೋಟೋದಲ್ಲಿ ಗೂಡಿನ ಎಳೆನೇ ಕಾಣ್ತಿಲ್ವಲ್ಲ!”

ನಿಜ. ಬೆಳಕು ಅಲೆಯಂತೆ ಸಾಗುತ್ತದೆ. ಕೆರೆಯ ಅಲೆ ಇಕ್ಕಟ್ಟಾದ ಸಂದಿ ದಾಟಿದೊಡನೆ ಬೀಸಣಿಗೆಯಂತೆ ಹರಡುವ ಹಾಗೆ, ಬೆಳಕೂ ಕಿಂಡಿ ಕಿರಿದಾದಷ್ಟು ಹೆಚ್ಚು ಹರಡುತ್ತದೆ. ಇದೇ ವಿವರ್ತನೆ. ಹಾಗಾಗಿ ಒಂದು ಚುಕ್ಕಿ ಕ್ಯಾಮೆರಾದಲ್ಲಿ ಚುಕ್ಕಿಯಾಗಿ ಬೀಳದೆ, ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಇದರ ಲೆಕ್ಕವನ್ನು 1835ರಲ್ಲಿ ಕೊಟ್ಟವರು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ. ಹಸಿರು ಬೆಳಕಿಗೆ ಈ ಬಿಲ್ಲೆಯ ಅಗಲ ಎಫ್/8ರಲ್ಲಿ ಸುಮಾರು 11 ಮೈಕ್ರಾನ್. ಎಫ್/22ರಲ್ಲಿ ಸುಮಾರು 30. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ನನ್ನ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 4 ಮೈಕ್ರಾನ್ ಅಗಲ. ಅವಳ ಫೋಟೋದಲ್ಲಿ ಬಿಲ್ಲೆ ಮೂರು ಪಿಕ್ಸೆಲ್‌ಗಳಷ್ಟೂ ಅಗಲವಿಲ್ಲ, ನನ್ನದರಲ್ಲಿ ಏಳೆಂಟು. ಪಕ್ಕಪಕ್ಕದ ಹುಲ್ಲಿನೆಳೆಗಳು ಒಂದರೊಳಗೊಂದು ಕಲಸಿಹೋಗಿದ್ದವು.

ಹಾಗಾದರೆ ಪಿಕ್ಸೆಲ್ ಚಿಕ್ಕದಿರುವುದೇ ತಪ್ಪೇ? ಅಲ್ಲ. ಬಿಲ್ಲೆಯ ಅಗಲ ತೀರ್ಮಾನಿಸುವುದು ಕಿಂಡಿ, ಪಿಕ್ಸೆಲ್ ಅಲ್ಲ. ಪಿಕ್ಸೆಲ್ ಚಿಕ್ಕದಾದಷ್ಟೂ ಆ ಮಬ್ಬು ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಎರಡು ಫೋಟೋಗಳನ್ನೂ ಅಂಚೆ ಕಾರ್ಡಿನಷ್ಟು ಚಿಕ್ಕದಾಗಿ ಮುದ್ರಿಸಿದರೆ ವ್ಯತ್ಯಾಸ ಅಷ್ಟಾಗಿ ಕಾಣದು.

ನೀವೂ ನೋಡಬಹುದು. ಎರಡು ಪೆನ್ಸಿಲ್‌ಗಳನ್ನು ಜೋಡಿಸಿ, ಕೂದಲೆಳೆಯಷ್ಟು ಸಂದಿ ಬಿಟ್ಟು, ಒಂದು ಕಣ್ಣಿನ ಹತ್ತಿರ ಹಿಡಿದು ಟ್ಯೂಬ್‌ಲೈಟ್ ನೋಡಿ. ಸಂದಿಯಲ್ಲಿ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಸೂರ್ಯನನ್ನು ಮಾತ್ರ ಹೀಗೆ ನೋಡಲೇಬೇಡಿ.

ಮರುವಾರ ಮರ ಹೋಯಿತು. ಈಗ ಅಕ್ಕನ ಮನೆಯ ನಡುಮನೆ ಗೋಡೆಯಲ್ಲಿ ದೊಡ್ಡದೊಂದು ಫೋಟೋ ಇದೆ. ಬೆಟ್ಟ ತುಸು ಮಸುಕು. ಗೂಡಿನ ಒಂದೊಂದು ಎಳೆಯೂ ಎಣಿಸುವಂತಿದೆ. ತೆಗೆದವಳು ಅವಳು.