ಪೊದೆ ಸವರುವ ನೆಪದಲ್ಲಿ ಬೆಟ್ಟ ಬೋಳಾಗದಿರಲಿ

ಮಲೆನಾಡಿನ ಸೊಪ್ಪಿನಬೆಟ್ಟ, ಹಾಡಿ, ಬ್ಯಾಣ, ಗೋಮಾಳಗಳನ್ನು ಇಂದು ಪೊದೆ ಆಕ್ರಮಿಸಿದೆ. ಹಿಂದೆ ದನಕರು ಮೇಯುತ್ತಿದ್ದ ಬಯಲಿನಲ್ಲಿ ಲಂಟಾನ ತಲೆಮಟ್ಟಕ್ಕೆ ಬೆಳೆದು ನಿಂತಿದೆ. ಸೊಪ್ಪು, ದರಕು ಹೊತ್ತು ತರುತ್ತಿದ್ದ ಕಾಲುದಾರಿಗಳನ್ನು ಯುಪಟೋರಿಯಂ ಮುಚ್ಚಿದೆ. ಕೊಟ್ಟಿಗೆಯ ದನಗಳು ಕಡಿಮೆಯಾದವು. ಕತ್ತಿ ಹಿಡಿಯುವ ಕೈಗಳು ಪೇಟೆ ಸೇರಿದವು. ವರ್ಷಕ್ಕೊಮ್ಮೆಯಾದರೂ ಬೆಟ್ಟ ಸುತ್ತಿಬರುವ ರೂಢಿ ತಪ್ಪಿತು. ಮನುಷ್ಯ ಹಿಂದೆ ಸರಿದ ಜಾಗದಲ್ಲಿ ಕಾಡು ಬೆಳೆಯಲಿಲ್ಲ, ಕಳೆ ಬೆಳೆಯಿತು.

ಆದ್ದರಿಂದ ಪೊದೆ ಸವರಬೇಕೆಂಬ ಹಳ್ಳಿಗರ ಬೇಡಿಕೆ ನ್ಯಾಯವಾದದ್ದು. ಬೇಸಿಗೆಯಲ್ಲಿ ಒಣಗಿದ ಯುಪಟೋರಿಯಂ ಬೆಂಕಿಯನ್ನು ನೆಲದಿಂದ ಮರದ ಕೊಂಬೆಗೆ ಏರಿಸುತ್ತದೆ. ತೋಟದಂಚಿನ ಪೊದೆ ಕಾಡುಹಂದಿಗೆ ಹಗಲಿನ ಮನೆಯಾಗುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಆ ಕಾಯಿಲೆ ಹರಡುವ ಉಣುಗಿನ ಭಯದಲ್ಲಿ ಸೊಪ್ಪಿಗೆ ಹೋಗುವ ಹೆಂಗಸರಿಗೆ ಪೊದೆಯ ಗುಣಗಾನ ಮಾಡಲು ಯಾರಿಗೂ ಅಧಿಕಾರವಿಲ್ಲ.

ಪ್ರಶ್ನೆ ಇರುವುದು ಸವರಬೇಕೇ ಬೇಡವೇ ಎಂಬುದರಲ್ಲಲ್ಲ. ಹೇಗೆ, ಯಾವಾಗ, ಯಾರ ಮಾತಿನಂತೆ ಸವರಬೇಕು ಎಂಬುದರಲ್ಲಿದೆ.

ಸುಲಭದ ದಾರಿಯೆಂದು ಊರೂರಿಗೆ ಜೆಸಿಬಿ ಬಂದಿದೆ. ಅದು ಪೊದೆಯನ್ನು ಬೇರುಸಹಿತ ಎಬ್ಬಿಸುತ್ತದೆ. ಜೊತೆಗೆ ಮೇಲ್ಮಣ್ಣನ್ನೂ ಒಂದು ಮೂಲೆಗೆ ಗುಡಿಸಿ ಹಾಕುತ್ತದೆ. ಇದಕ್ಕೆ ಪರಿಸರಸ್ನೇಹಿ ಪರ್ಯಾಯವೆಂದು ಈಗ ಬೇರೊಂದು ಯಂತ್ರದ ಹೆಸರು ಕೇಳಿಬರುತ್ತಿದೆ: ಮಲ್ಚರ್. ವೇಗವಾಗಿ ತಿರುಗುವ ಉರುಳೆಗೆ ಉಕ್ಕಿನ ಹಲ್ಲುಗಳನ್ನು ಜೋಡಿಸಿರುತ್ತಾರೆ. ಟ್ರ್ಯಾಕ್ಟರಿಗೋ ಅಗೆಯುವ ಯಂತ್ರದ ತೋಳಿಗೋ ಕಟ್ಟಿದ ಈ ಉರುಳೆ ನಿಂತ ಪೊದೆಯನ್ನು ನಿಂತಲ್ಲೇ ಅರೆದು, ಚಕ್ಕೆಯಾಗಿಸಿ ನೆಲಕ್ಕೆ ಹರಡುತ್ತದೆ. ಬೇರು ಮಣ್ಣಿನಲ್ಲೇ ಉಳಿಯುತ್ತದೆ, ರಾಶಿ ಸುಡುವ ಅಗತ್ಯವಿಲ್ಲ, ನೆಲಕ್ಕೆ ಹೊದಿಕೆ ಸಿಗುತ್ತದೆ ಎಂಬುದು ಇದರ ಹೆಗ್ಗಳಿಕೆ.

ಈ ತತ್ವ ಸರಿಯಾದದ್ದು. ಮಲೆನಾಡಿಗೆ ಹೊಸದೇನೂ ಅಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಹೊದಿಸಿ, ದರಕನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರವನ್ನು ಮರಳಿ ತೋಟಕ್ಕೆ ಸೇರಿಸಿದ ಜನರಿಗೆ ನೆಲದ ಹೊದಿಕೆಯ ಪಾಠವನ್ನು ಯಂತ್ರದ ಮಾರಾಟಗಾರ ಹೇಳಿಕೊಡಬೇಕಾಗಿಲ್ಲ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯಂತೆ ಬೆಟ್ಟದ ಸೌಲಭ್ಯ ದೊರೆತದ್ದು ಈ ಹೊದಿಕೆಗಾಗಿಯೇ. ತಕರಾರು ಇರುವುದು ತತ್ವದ ಮೇಲಲ್ಲ. ಒಂದೇ ಯಂತ್ರ, ಒಂದೇ ವಿಧಾನ, ಎಕರೆಗಿಷ್ಟೆಂಬ ಒಂದೇ ದರವನ್ನು ಎಲ್ಲ ನೆಲಕ್ಕೂ ಹೊರಿಸುವ ಗುತ್ತಿಗೆಯ ಬುದ್ಧಿಯ ಮೇಲೆ.

ಇಳಿಜಾರಿನ ಲೆಕ್ಕ

ಮೊದಲು ಇಳಿಜಾರನ್ನು ನೋಡಬೇಕು. ದಿನಕ್ಕೆ 100 ಮಿ.ಮೀ. ಮಳೆಯೆಂದರೆ ಒಂದು ಎಕರೆಯ ಮೇಲೆ ಸುಮಾರು 4 ಲಕ್ಷ ಲೀಟರ್ ನೀರು. ಘಟ್ಟದ ಮೇಲೆ ಮುಂಗಾರಿನಲ್ಲಿ ಇಂಥ ದಿನಗಳು ಅಪರೂಪವಲ್ಲ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆಯೇ 7000 ಮಿ.ಮೀ. ಮೀರುತ್ತದೆ. ಅಷ್ಟು ನೀರು ಹೊದಿಕೆಯಿರುವ ನೆಲದಲ್ಲಿ ಇಂಗುತ್ತ, ತಡೆಯುತ್ತ ಸಾಗುತ್ತದೆ. ಬರಿನೆಲದಲ್ಲಿ ಮಣ್ಣನ್ನು ಹೊತ್ತು ಓಡುತ್ತದೆ. ಒಂದು ಹೆಕ್ಟೇರಿನಿಂದ 1 ಮಿ.ಮೀ. ದಪ್ಪದ ಮಣ್ಣು ತೊಳೆದುಹೋದರೆ ನಷ್ಟವಾಗುವುದು 10 ಘನ ಮೀಟರ್, ಅಂದರೆ 12-13 ಟನ್. ಕಣ್ಣಿಗೆ ಕಾಣದಷ್ಟು ತೆಳುವಾದ ಈ ಪದರ ಕೆಳಗಿನ ಕೆರೆಯ ಹೂಳಾಗಿ, ಗದ್ದೆಯ ಕೆಸರಾಗಿ ಕಾಣಿಸಿಕೊಳ್ಳುತ್ತದೆ.

ಅರೆದ ಚಕ್ಕೆ ಇದನ್ನು ತಡೆಯುವುದಿಲ್ಲವೇ? ಸಮತಟ್ಟಿನಲ್ಲಿ, ಇಳುಕಲು ಕಡಿಮೆ ಇರುವಲ್ಲಿ ಖಂಡಿತ ತಡೆಯುತ್ತದೆ. ಆದರೆ ಹತ್ತು ಅಡಿ ನಡೆದರೆ ಮೂರು ಅಡಿ ಇಳಿಯುವ ಜಾಗದಲ್ಲಿ ಸಡಿಲ ಚಕ್ಕೆ ಜಡಿಮಳೆಗೆ ತೇಲಿ ಹಳ್ಳ ಸೇರುತ್ತದೆ, ಮೋರಿಗಳನ್ನು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಬೇರೆಯಿದೆ. ಹಲವು ಟನ್ ತೂಕದ ಯಂತ್ರ ಬೆಟ್ಟ ಹತ್ತಬೇಕಾದರೆ ದಾರಿ ಬೇಕು. ದಾರಿಗಾಗಿ ಗುಡ್ಡದ ಪಾದವನ್ನು ಕಡಿಯಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಅತಿಮಳೆಯ ಜೊತೆಗೆ, ಇಳಿಜಾರನ್ನು ಮನಬಂದಂತೆ ಕಡಿದು ಬದಲಿಸಿದ್ದೂ ಮುಖ್ಯ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಜನರ ಮೇಲೆ ಬಿದ್ದ ಮೇಲೂ ಕಡಿದ ಗುಡ್ಡದ ಅಪಾಯಕ್ಕೆ ಬೇರೆ ಸಾಕ್ಷಿ ಬೇಕೇ? ಮಲ್ಚರ್ ಮಣ್ಣು ಅಗೆಯುವುದಿಲ್ಲ ಎನ್ನುವವರು ಅದು ಬರುವ ದಾರಿ ಮಣ್ಣು ಅಗೆಯುತ್ತದೆಂಬುದನ್ನು ಮರೆಮಾಚಬಾರದು.

ಮಣ್ಣು ಒಂದೇ ಅಲ್ಲ

ಇಳಿಜಾರಿನಂತೆ ಮಣ್ಣೂ ಜಾಗದಿಂದ ಜಾಗಕ್ಕೆ ಬೇರೆ. ಗುಡ್ಡದ ನೆತ್ತಿಯ ಜಂಬಿಟ್ಟಿಗೆ ನೆಲದಲ್ಲಿ ಮಣ್ಣಿನ ಪದರ ಗೇಣುದ್ದವೂ ಇರುವುದಿಲ್ಲ. 1800-01ರಲ್ಲಿ ಮಲಬಾರಿನಲ್ಲಿ ಈ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದಲೇ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗೆ ಮೆತ್ತಗಿದ್ದು, ಗಾಳಿ ಬಿಸಿಲಿಗೆ ತೆರೆದುಕೊಂಡಾಗ ಗಟ್ಟಿಯಾಗುವುದು ಇದರ ಸ್ವಭಾವ. ಮೇಲಿನ ತೆಳು ಮಣ್ಣನ್ನು ಯಂತ್ರದ ಪಟ್ಟಿಗಳು ಉಜ್ಜಿ ಕಿತ್ತರೆ ಕೆಳಗಿನದು ಬಂಡೆಯಾಗುತ್ತದೆ. ಅಲ್ಲಿ ಮತ್ತೆ ಹುಲ್ಲು ಹಿಡಿಸಲು ಒಂದು ತಲೆಮಾರು ಸಾಲದು.

ಕಣಿವೆಯ ಜವುಗು ನೆಲ, ಹಳ್ಳದ ದಂಡೆಗಳ ಕತೆ ಮತ್ತೊಂದು. ಹಸಿ ಮಣ್ಣಿನ ಮೇಲೆ ಭಾರದ ಯಂತ್ರ ಒಮ್ಮೆ ಓಡಾಡಿದರೂ ಸಾಕು, ಮಣ್ಣಿನೊಳಗಿನ ಗಾಳಿ ನೀರಿನ ಸಂದುಗಳು ಮುಚ್ಚಿಹೋಗುತ್ತವೆ. ಹಾನಿಯ ಬಹುಪಾಲು ಮೊದಲ ಓಡಾಟದಲ್ಲೇ ಆಗಿಹೋಗುತ್ತದೆ. ಬೇಸಿಗೆಯಲ್ಲಿ ಹಳ್ಳಕ್ಕೆ ನೀರು ಜಿನುಗಿಸಬೇಕಾದ ಜಾಗವೇ ಹೀಗೆ ಗಟ್ಟಿಯಾದರೆ ಮಾರ್ಚ್ ತಿಂಗಳಲ್ಲಿ ಊರಿನ ಬಾವಿ ಏನನ್ನು ಕೊಟ್ಟೀತು?

ಚಕ್ಕೆಯ ವಿಷಯದಲ್ಲೂ ವಿವೇಕ ಬೇಕು. ಹಸಿರೆಲೆಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತು ಮೂವತ್ತು ಪಾಲು ಇಂಗಾಲವಿದ್ದರೆ, ಮರದ ಚಕ್ಕೆಯಲ್ಲಿ ಅದು ನೂರಾರು ಪಾಲು. ಅದನ್ನು ನೆಲದ ಮೇಲೆ ಹಾಸಿದರೆ ಹೊದಿಕೆ. ಮಣ್ಣಿನೊಳಗೆ ಬೆರೆಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಳೆಯ ಸಸಿ ಹಳದಿಗಟ್ಟುತ್ತದೆ. ಅತಿ ದಪ್ಪವಾಗಿ ಹಾಸಿದರೆ ಬೀಜ ಮೊಳೆಯುವುದಿಲ್ಲ. ಬೇಸಿಗೆಯಲ್ಲಿ ಕಿಡಿ ತಗುಲಿದರೆ ದಿನಗಟ್ಟಲೆ ಒಳಗೊಳಗೇ ಉರಿಯುತ್ತದೆ.

ಹಾಗೆಂದು ಯಂತ್ರಕ್ಕೆ ಎಲ್ಲಿಯೂ ಜಾಗವಿಲ್ಲವೆಂದಲ್ಲ. ಬಯಲುಸೀಮೆಯ ಸಮತಟ್ಟಾದ ನೆಲದಲ್ಲಿ, ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಅಲ್ಲಿ ಎರೆಮಣ್ಣು ಒಣಗಿದ ಮೇಲೆ ಯಂತ್ರ ಓಡಿಸಿದರೆ, ಅನಂತರ ಬುಡಗಳನ್ನು ಕೀಳಿಸಿದರೆ ಉಪಯೋಗವುಂಟು. ಮಲೆನಾಡಿನಲ್ಲೂ ರಸ್ತೆ ಬದಿಯ ಬೆಂಕಿರೇಖೆ, ವಿದ್ಯುತ್ ತಂತಿಯ ಕೆಳಗಿನ ಜಾಗ, ಪಾಳುಬಿದ್ದ ಒಣ ಗದ್ದೆ ಬಯಲು ಇವುಗಳಲ್ಲಿ ಅದು ಕೂಲಿಯ ಕೊರತೆ ನೀಗೀತು. ಜಾಗವನ್ನು ನೋಡಿ ಯಂತ್ರವನ್ನು ಕರೆಯಬೇಕೇ ಹೊರತು, ಯಂತ್ರ ಬಂದಿದೆಯೆಂದು ಜಾಗವನ್ನು ಹುಡುಕಬಾರದು.

ಗಿಡದ ಗುಣ ತಿಳಿಯದ ಹಲ್ಲು

ಯಂತ್ರದ ಹಲ್ಲಿಗೆ ಲಂಟಾನವೂ ಒಂದೇ, ಅದರ ನೆರಳಿನಲ್ಲಿ ಕಷ್ಟಪಟ್ಟು ತಲೆಯೆತ್ತಿದ ಮತ್ತಿ, ಹೊನ್ನೆ, ನಂದಿ, ಮುರುಗಲಿನ ಸಸಿಯೂ ಒಂದೇ. ಕತ್ತಿ ಹಿಡಿದ ಕೈ ಸಸಿಯನ್ನು ಕಂಡು ಬದಿಗೆ ಸರಿಯುತ್ತದೆ. ತಿರುಗುವ ಉರುಳೆ ಸರಿಯುವುದಿಲ್ಲ. ಇನ್ನು ಯಂತ್ರ ಕೊಲ್ಲಬೇಕಾದ ಕಳೆಯಾದರೂ ಸಾಯುತ್ತದೆಯೇ? ನೆಲಮಟ್ಟಕ್ಕೆ ಅರೆದ ಲಂಟಾನ ಬುಡದಿಂದ ಮತ್ತೆ ಹತ್ತಾರು ಚಿಗುರು ಒಡೆಯುತ್ತದೆ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಈ ಗಿಡ ಇಂದು ಭಾರತದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಪ್ರದೇಶದಲ್ಲಿ ಹಬ್ಬಿದೆಯೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಎರಡು ಶತಮಾನ ಕಡಿದರೂ ಸುಟ್ಟರೂ ಸಾಯದ ಗಿಡ ಒಂದು ಸುತ್ತಿನ ಗುತ್ತಿಗೆಗೆ ಸಾಯುವುದೆಂದು ನಂಬುವುದು ಮುಗ್ಧತೆ; ನಂಬಿಸುವುದು ವ್ಯಾಪಾರ.

ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನ ಸರಳವಾದದ್ದು. ನೆಲಮಟ್ಟಕ್ಕಿಂತ ಕೆಲವೇ ಸೆಂ.ಮೀ. ಕೆಳಗೆ ಲಂಟಾನದ ತಾಯಿಬೇರನ್ನು ಕತ್ತರಿಸಿ, ಮತ್ತೆ ಬೇರೂರದಂತೆ ಪೊದೆಯನ್ನು ತಲೆಕೆಳಗಾಗಿ ಇಡುವುದು; ಹಕ್ಕಿಗಳು ಕೂರುವ ಮರದಡಿಯಲ್ಲಿ ಮರುಹುಟ್ಟುವ ಸಸಿಗಳನ್ನು ಆಮೇಲೆ ಕೀಳುವುದು; ತೆರವಾದ ಜಾಗಕ್ಕೆ ಸ್ಥಳೀಯ ಹುಲ್ಲು, ಗಿಡ ಹಿಡಿಸುವುದು. ಇದಕ್ಕೆ ಬೇಕಾದದ್ದು ಗುದ್ದಲಿ, ಕೂಲಿ ಮತ್ತು ತಾಳ್ಮೆ. ಯುಪಟೋರಿಯಂ ಆದರೆ ಹೂಬಿಡುವ ಮೊದಲೇ ಕೊಯ್ಯಬೇಕು. ಆಗ ಅದು ಒಳ್ಳೆಯ ಹಸಿರುಗೊಬ್ಬರ. ಬೀಜ ಬಲಿತ ಮೇಲೆ ಅರೆದು ಹರಡುವುದೆಂದರೆ ಕಳೆಯನ್ನು ಬಿತ್ತಿದಂತೆಯೇ.

ಕಾಲದ ಈ ಜ್ಞಾನವನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವೇ ಪಾಠ. ಅಲ್ಲಿನ ಸೋಲಿಗರು ಬೇಸಿಗೆಯ ಆರಂಭದಲ್ಲಿ ತರಗೆಲೆಗೆ ಹಗುರವಾದ ಬೆಂಕಿ ಇಡುತ್ತಿದ್ದರು. ಅದನ್ನು ತರಗು ಬೆಂಕಿ ಎಂದು ಕರೆಯುತ್ತಿದ್ದರು. 1974ರಲ್ಲಿ ವನ್ಯಧಾಮ ಘೋಷಣೆಯಾದ ಮೇಲೆ ಅದು ನಿಂತಿತು. ಅನಂತರವೇ ಲಂಟಾನ ಹಬ್ಬಿತೆಂಬುದು ಸೋಲಿಗ ಹಿರಿಯರ ವಾದ. ಸಂಶೋಧಕರು ಅದನ್ನು ದಾಖಲಿಸಿದ್ದಾರೆ. ತೇವದ ಮಲೆನಾಡಿಗೆ ಬೆಂಕಿ ಮಾದರಿಯಲ್ಲ. ಆದರೆ ಯಾವ ಕಾಲಕ್ಕೆ, ಎಲ್ಲಿ, ಎಷ್ಟು ಎಂಬ ಅರಿವು ಆ ನೆಲದಲ್ಲಿ ಬಾಳಿದವರಲ್ಲಿರುತ್ತದೆಂಬ ಮಾತು ಎಲ್ಲ ಬೆಟ್ಟಕ್ಕೂ ಸಲ್ಲುತ್ತದೆ.

‘ಪಾಳು’ ಎಂಬ ಹಣೆಪಟ್ಟಿ

ಪೊದೆ ಬೆಳೆದ ಜಾಗವನ್ನು ‘ಪಾಳು’ ಎಂದು ಕರೆದ ಕೂಡಲೇ ಅದಕ್ಕೆ ಹೊಸ ಒಡೆಯರು ಹುಟ್ಟಿಕೊಳ್ಳುತ್ತಾರೆಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. 1984ರಲ್ಲಿ ಸ್ಥಾಪನೆಯಾದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ 30,000 ಹೆಕ್ಟೇರ್ ಭೂಮಿ ಕೊಡಲು ಹೊರಟಾಗಲೂ ಅದು ಹಾಳುಬಿದ್ದ ದರ್ಜೆಯ ಜಾಗವೆಂಬುದೇ ಸಮರ್ಥನೆಯಾಗಿತ್ತು. ಆ ‘ಹಾಳು’ ಜಾಗದಲ್ಲಿ ಊರಿನ ದನ ಮೇಯುತ್ತಿತ್ತು, ಬಡವರ ಒಲೆಗೆ ಸೌದೆ ಸಿಗುತ್ತಿತ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ಊರಿಗೆ ಬೇಕಾದ ಗಿಡಗಳನ್ನು ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆದದ್ದು ಈ ಕಾರಣಕ್ಕೆ. ಅದಕ್ಕೂ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿಯ ಜನ ಕಳಸೆ ಕಾಡಿನ ಮರಗಳನ್ನು ಅಪ್ಪಿ ನಿಂತಿದ್ದರು. ಅಂದು ಕಾಡಿಗೆ ಬಂದದ್ದು ಕೊಡಲಿ. ಇಂದು ಹಸಿರು ಹೆಸರು ಹೊತ್ತ ಯಂತ್ರ ಬರುತ್ತಿದೆ. ಸವರಿ ಚೊಕ್ಕಟವಾದ ಬೆಟ್ಟದ ಮೇಲೆ ನಾಳೆ ಯಾವ ರೆಸಾರ್ಟು, ಯಾವ ನೆಡುತೋಪು, ಯಾರ ಅತಿಕ್ರಮಣ ಏಳುತ್ತದೆಂದು ಕೇಳದೆ ಒಪ್ಪಿಗೆ ಕೊಡುವುದು ಊರಿಗೆ ಆತ್ಮಘಾತಕ.

ಆಗಬೇಕಾದದ್ದು

ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಊರಿನ ಸಾಮೂಹಿಕ ಭೂಮಿಗೆ ಯಾವ ಯಂತ್ರವೂ ಇಳಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಗಳಲ್ಲಿ ರಚನೆಯಾಗಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಫಲಕಕ್ಕೆ ಸೀಮಿತವಾಗದೆ, ಬೆಟ್ಟವನ್ನು ಸುತ್ತಿ ಇಳಿಜಾರು, ಮಣ್ಣು, ಹಳ್ಳದ ದಂಡೆ, ಉಳಿಸಬೇಕಾದ ಸಸಿಗಳ ನಕ್ಷೆಯನ್ನು ತಯಾರಿಸಲಿ. ಕಡಿದಾದ ಜಾಗ, ಜಂಬಿಟ್ಟಿಗೆಯ ನೆತ್ತಿ, ಹಳ್ಳದ ಇಬ್ಬದಿ ಇವು ಕೈಗೆಲಸಕ್ಕೆ ಮೀಸಲಾಗಲಿ. ಮನೆ, ಶಾಲೆ, ದನದ ದಾರಿಗಳ ಸುತ್ತ ಮೊದಲು ಸವರಲಿ. ಕೆಲಸ ಮಳೆ ನಿಂತು ನೆಲ ಆರಿದ ಮೇಲೆ, ಯುಪಟೋರಿಯಂ ಹೂವಾಗುವ ಮುನ್ನ ಆರಂಭವಾಗಲಿ. ಒಂದೇ ಸಲಕ್ಕೆ ಇಡೀ ಗುಡ್ಡವನ್ನು ಬೋಳಿಸದೆ, ಅಡ್ಡಪಟ್ಟಿಗಳಲ್ಲಿ, ವರ್ಷಕ್ಕಿಷ್ಟೆಂದು ಸಾಗಲಿ. ಯಂತ್ರದ ಬಾಡಿಗೆಗೆ ಸುರಿಯುವ ಹಣ ಗ್ರಾಮೀಣ ಉದ್ಯೋಗ ಯೋಜನೆಯ ಮೂಲಕ ಊರಿನ ಕೂಲಿಯಾಗಲಿ. ಸವರಿದ ಮೇಲೆ ಕನಿಷ್ಠ ಮೂರು ವರ್ಷ ಮರುಚಿಗುರು ಕೀಳುವ, ಹುಲ್ಲು ಹಿಡಿಸುವ ಹೊಣೆಯಿಲ್ಲದ ಗುತ್ತಿಗೆಗೆ ಸಹಿ ಬೀಳದಿರಲಿ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಸವರಿದ ಪಟ್ಟಿಯಲ್ಲಿ ಯಾವ ಗಿಡ ಮರಳಿತು, ಯಾವುದು ಸತ್ತಿತು, ಮೊದಲ ಮಳೆಗೆ ಹಳ್ಳದ ನೀರು ತಿಳಿಯಾಗಿತ್ತೇ, ಕೆಂಪಾಗಿತ್ತೇ ಎಂದು ಪ್ರತಿವರ್ಷ ಬರೆದಿಡಲಿ. ಗುತ್ತಿಗೆಯ ವರದಿ ಎಕರೆಗಳ ಲೆಕ್ಕ ಕೊಡುತ್ತದೆ. ಮಣ್ಣಿನ ಲೆಕ್ಕ ಇಡಬೇಕಾದವರು ಬೆಟ್ಟದ ಬುಡದಲ್ಲಿ ಬಾಳುವ ಜನ.